ಏತ್ವ ಮಾಸಿದ ಬಾವಿ

ಆಫೀಸಿನಲ್ಲಿ ಅವಳಿಗೆ ಇಟ್ಟಿದ್ದ ಹೆಸರು ಜರಡಿ. ಬೇಜಾರಾಗುವ ಹೆಸರೇನಲ್ಲ ಬಿಡಿ, ಅವಳ ಕೆಲಸವೇ ಅದು. ವರ್ಷಗಟ್ಟಲೆ ತಮ್ಮ ತಮ್ಮ ಕಪಾಟುಗಳಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದ ಮಾಹಿತಿಯನ್ನು ಒಂಬತ್ತು ಸಂಸ್ಥೆಗಳು ಕೊನೆಗೂ ಒಂದೇ ಕಡೆ ಸುರಿದು ಹಂಚಿಕೊಳ್ಳಲು ಒಪ್ಪಿದ್ದವು. ಯಾವ ಹಕ್ಕಿ ಎಲ್ಲಿ ಕಂಡಿತು, ಯಾವ ಕಪ್ಪೆ ಯಾವ ಹೊಂಡದಲ್ಲಿ ಕೂಗಿತು, ಯಾವ ಗಿಡ ಯಾವ ಬಂಡೆಯ ಸಂದಿಯಲ್ಲಿ ಹೂ ಬಿಟ್ಟಿತು, ಎಲ್ಲ. ಸುರಿದಿದ್ದರಲ್ಲಿ ಕಾಳು ಯಾವುದು ಕಲ್ಲು ಯಾವುದು ಎಂದು ಆರಿಸುವವರೊಬ್ಬರು ಬೇಕಲ್ಲ, ಅದು ಇವಳ ಪಾಲಿಗೆ ಬಂದಿತ್ತು. ಅನುಮಾನ ಬಂದ ದಾಖಲೆಯನ್ನು ಹಿಂದೆಮುಂದೆ ನೋಡದೆ ಉದುರಿಸುತ್ತಿದ್ದಳು. ಅದರಲ್ಲಿ ಅವಳದು ಎತ್ತಿದ ಕೈ ಎಂದು ಒಂಬತ್ತೂ ಕಡೆ ಮಾತಿತ್ತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ತಲೆಗೂ ಸ್ವಲ್ಪ ಏರಿತ್ತು.

ಆ ಶುಕ್ರವಾರ ಸಂಜೆ ನಾಲ್ಕಕ್ಕೆ ನಕ್ಷೆ ಮುಚ್ಚುವುದಿತ್ತು. ಹಂಚಿಕೊಂಡ ದಾಖಲೆಗಳನ್ನೆಲ್ಲ ಇಟ್ಟುಕೊಂಡು, ಉಳಿಸಲೇಬೇಕಾದ ಜಾಗಗಳು ಯಾವುವು ಎಂದು ಗೆರೆ ಎಳೆದ ನಕ್ಷೆ ಅದು. ನಾಲ್ಕಾದ ಮೇಲೆ ಹತ್ತು ವರ್ಷ ಅದನ್ನು ಯಾರೂ ತಿದ್ದುವಂತಿಲ್ಲ. ಗೆರೆಯೊಳಗಿನ ಜಾಗಕ್ಕೆ ಬುಲ್ಡೋಜರ್ ಬರಬೇಕಾದರೆ ಹತ್ತು ಜನರ ಕಾಲು ಹಿಡಿಯಬೇಕು. ಗೆರೆಯಾಚೆಗಿನದಕ್ಕೆ ಕೇಳುವವರೇ ಇಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಅವಳಿಗೆ ಮಾಡಲು ಕೆಲಸ ಉಳಿದಿರಲಿಲ್ಲ. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವ ಜಾಯಮಾನ ಅವಳದಲ್ಲವಲ್ಲ! ಮುಚ್ಚಿಹೋದ ನೀರು ಪರೀಕ್ಷಾ ಪ್ರಯೋಗಾಲಯದಿಂದ ಹಿಂದಿನ ದಿನ ಎರಡು ರಟ್ಟಿನ ಪೆಟ್ಟಿಗೆ ಬಂದಿದ್ದವು, ಹಳೆಯ ಕಾರ್ಡುಗಳು. ಅವುಗಳ ಟೈಪು ಮಾಡಿದ ಪ್ರತಿ ನಾಲ್ಕು ವರ್ಷದ ಹಿಂದೆಯೇ ಅವಳ ಕೈಗೆ ಬಂದು, ಅದರಲ್ಲಿ ಇನ್ನೂರ ಹನ್ನೆರಡು ದಾಖಲೆಗಳನ್ನು ಅವಳೇ ಉದುರಿಸಿ, ಹಾಗೆಂದು ಕಾಗದ ಹಾಕಿದ್ದಳು. ಕಾರಣ ಸರಳ. ಇನ್ನೂರ ಹನ್ನೆರಡಕ್ಕೂ ಜಾಗದ ಅಂಕಣದಲ್ಲಿ ಪ್ರಯೋಗಾಲಯದ್ದೇ ವಿಳಾಸವಿತ್ತು. ಸೋಮಾರಿಗಳು ಹಾಗೆ ಮಾಡುತ್ತಾರೆ, ಜೀವಿ ಸಿಕ್ಕ ಜಾಗ ಬರೆಯುವ ಬದಲು ಆಫೀಸಿನ ವಿಳಾಸ ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥವನ್ನು ಹಿಡಿಯಲೆಂದೇ ಅವಳೊಂದು ನಿಯಮ ಬರೆದಿದ್ದಳು: ಜಾಗವೂ ಆಫೀಸಿನ ವಿಳಾಸವೂ ಒಂದೇ ಆದರೆ ದಾಖಲೆ ಸಂಶಯಾಸ್ಪದ, ಕೈಬಿಡತಕ್ಕದ್ದು. ಒಂಬತ್ತೂ ಸಂಸ್ಥೆಗಳು ಆ ನಿಯಮವನ್ನು ಕಣ್ಣುಮುಚ್ಚಿ ಒಪ್ಪಿಕೊಂಡಿದ್ದವು.

ಮೊದಲ ಕಾರ್ಡು ತೆಗೆದಳು. ತಾರೀಖು, ನೀರಿನ ಬಿಸಿ, ಪರೀಕ್ಷಕರ ಸಂಖ್ಯೆ ಹದಿನೇಳು. ‘ಕಣ್ಣಿಲ್ಲದ ಬಿಳಿ ಸೀಗಡಿ, 3, ನೋಡಿ ವಾಪಸ್ ಬಿಟ್ಟಿದೆ.’ ಜಾಗ: ‘ಇಲ್ಲ.’

ಓಹೋ, ಜಾಗವೇ ಇಲ್ಲವೆಂದು ಬರೆದರೆ ಟೈಪಿಸ್ಟ್ ಪಾಪ ಏನು ಮಾಡಬೇಕು? ಖಾಲಿ ಬಿಡುವಂತಿಲ್ಲವೆಂದು ಆಫೀಸಿನ ವಿಳಾಸ ತುಂಬಿದ್ದಾನೆ. ಅವಳಿಗೆ ನಗು ಬಂತು. ಎರಡನೆಯ ಕಾರ್ಡು, ‘ಇಲ್ಲ’. ಮೂರನೆಯದು, ‘ಇಲ್ಲ’. ನಾಲ್ಕನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೊನೆಯ ಅಕ್ಷರದ ನೆತ್ತಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದು ಹೊರಳಿ ಪಕ್ಕಕ್ಕೆ ಇಳಿದಿತ್ತು. ಏತ್ವ. ಶಾಯಿ ಮಾಸಿತ್ತು, ಆದರೆ ಇತ್ತು.

‘ಇಲ್ಲ’ ಅಲ್ಲ. ‘ಇಲ್ಲೇ.’

ಇಲ್ಲೇ ಎಂದರೆ ಪ್ರಯೋಗಾಲಯದ ಹಿತ್ತಲಲ್ಲೇ, ಅಲ್ಲಿನ ಬಾವಿಯಲ್ಲೇ. ಟೈಪಿಸ್ಟ್ ತಪ್ಪಾಗಿ ಓದಿ ಸರಿಯಾದ ವಿಳಾಸವನ್ನೇ ಬರೆದಿದ್ದ. ಆ ಸರಿಯನ್ನು ತಪ್ಪೆಂದು ಎತ್ತಿ ಬಿಸಾಡಿದವಳು ಇವಳು. ಕಣ್ಣಿಲ್ಲದ ಆ ಸೀಗಡಿ ನೆಲದಡಿಯ ನೀರಿನಲ್ಲಿ ಮಾತ್ರ ಬದುಕುವಂಥದ್ದು, ಒಂಬತ್ತು ಸಂಸ್ಥೆಗಳ ಲಕ್ಷಾಂತರ ದಾಖಲೆಗಳಲ್ಲಿ ಇನ್ನೆಲ್ಲೂ ಅದರ ಸುಳಿವಿಲ್ಲ. ಮತ್ತು ಆ ಜಾಗದಲ್ಲಿ ಬಸ್ ಡಿಪೋದವರು ಸೋಮವಾರದಿಂದ ನೆಲದಡಿ ಮೂರು ಅಂತಸ್ತು ಅಗೆಯುವವರಿದ್ದರು. ಅಷ್ಟು ಆಳ ಅಗೆದರೆ ಬಾವಿ ಎಲ್ಲಿಯದು, ನೀರೆಲ್ಲಿಯದು!

ಇಷ್ಟೇ ಆಗಿದ್ದರೆ ಅವಳು ಕೂಡಲೇ ಫೋನ್ ಎತ್ತುತ್ತಿದ್ದಳು. ಆದರೆ ಆ ಕೈಬರಹ! ಏತ್ವವನ್ನೂ ದೀರ್ಘವನ್ನೂ ಒಂದೇ ಎಳೆತದಲ್ಲಿ ಎಳೆದು ಮುಗಿಸುವ ಆ ಕೈಬರಹವನ್ನು ಅವಳು ದಿನಾ ಬೆಳಗಾದರೆ ಅಡುಗೆಮನೆಯಲ್ಲಿ ನೋಡುತ್ತಾಳೆ. ಅಲ್ಲಿ ‘ಬೇಳೆ’ ಎಂದು ಬರೆದ ಡಬ್ಬಿ ‘ಬಳ’ ಎಂದು ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಗಂಡ, “ಬಳ ಮುಗಿದಿದೆ, ತರಬೇಕು” ಎಂದು ತಮಾಷೆ ಮಾಡುತ್ತಿದ್ದ.

ಹದಿನೇಳನೆಯ ಸಂಖ್ಯೆಯ ಪರೀಕ್ಷಕರು ಅವಳ ಅತ್ತೆ.

ಅತ್ತೆ ಮೂವತ್ತು ವರ್ಷ ಊರಿನ ಬಾವಿ, ನಲ್ಲಿ, ಟ್ಯಾಂಕುಗಳ ನೀರನ್ನು ಸೀಸೆಗೆ ತುಂಬಿ ಪರೀಕ್ಷೆ ಮಾಡಿದವರು ಎಂಬುದು ಅವಳಿಗೆ ಗೊತ್ತಿತ್ತು. ನೀರಿನಲ್ಲಿ ಏನನ್ನೋ ಎಣಿಸುತ್ತಿದ್ದರು, ಯಾವುದೋ ಆಫೀಸಿನವರು ‘ಸಂಶಯಾಸ್ಪದ’ ಎಂದು ಕಾಗದ ಕಳಿಸಿದ ದಿನ ಬಲೆ ಮಡಚಿ ಅಟ್ಟಕ್ಕೆ ಎಸೆದರು ಎಂಬುದೂ ಗೊತ್ತಿತ್ತು. ಅವಳು ಆ ಮನೆಗೆ ಸೊಸೆಯಾಗಿ ಬಂದದ್ದು ಕಾಗದ ಬಂದ ಮಾರನೆಯ ವರ್ಷ. ಅಂಥ ಕಾಗದಗಳನ್ನು ಎಷ್ಟೋ ಕಡೆಗೆ ಕಳಿಸಿದ್ದವಳಿಗೆ ಇದೂ ತನ್ನದಿರಬಹುದೆಂದು ಹೊಳೆದೇ ಇರಲಿಲ್ಲ. ಏನನ್ನು ಎಣಿಸುತ್ತಿದ್ದಿರಿ ಎಂದು ಕೇಳಿದರೆ ಅತ್ತೆ ಹೇಳುತ್ತಿರಲಿಲ್ಲ, ಕಾಗದ ಬರೆದವನನ್ನು ಮಾತ್ರ ಬಾಯ್ತುಂಬ ಬೈಯುತ್ತಿದ್ದರು. ಆಫೀಸುಗಳಲ್ಲಿ ಮುಠ್ಠಾಳರಿಗೇನು ಬರವೇ ಎಂದು ಅವಳೂ ಜೊತೆಗೂಡಿ ಬೈದಿದ್ದಳು. ಒಂದಲ್ಲ, ಹತ್ತಾರು ಸಲ! ಅದನ್ನು ನೆನೆದು ಅವಳಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

ಮೀನು ಮೇಷ್ಟ್ರಿಗೆ ಫೋನ್ ಮಾಡಿದಳು. ಜೀವಮಾನವೆಲ್ಲ ಮೀನಿನ ಪಾಠ ಹೇಳಿ ನಿವೃತ್ತರಾದ ಅವರೇ ನಕ್ಷೆ ಸಮಿತಿಯ ಅಧ್ಯಕ್ಷರು.

“ಮೇಷ್ಟ್ರೇ, ಒಂದು ತಪ್ಪಾಗಿದೆ.”

“ಯಾರದ್ದಮ್ಮಾ?”

“ನಂದೇ.”

ಅವಳು ಎಲ್ಲ ಹೇಳಿದಳು. ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು.

“ಒಳ್ಳೇ ಮುಹೂರ್ತ ನೋಡಿ ಹೇಳ್ತಿದೀಯ. ಕೈಬಿಟ್ಟ ದಾಖಲೆ ವಾಪಸ್ ಬರ್ಬೇಕಂದ್ರೆ ಏನು ಬೇಕು ಅಂತ ನಿಂಗೆ ನಾನು ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಬರೆದವರು ಖುದ್ದಾಗಿ ಜಾಗ ತೋರಿಸಬೇಕು. ಅದೇ ಜಾಗದಲ್ಲಿ ಹೊಸದಾಗಿ ಹಿಡಿದ ಒಂದು ಜೀವಿ ಸ್ಪಿರಿಟ್ಟಿನ ಸೀಸೆಯಲ್ಲಿರಬೇಕು.

“ಬರೀ ವಿಡಿಯೋ ಆದ್ರೆ ಆಗಲ್ವಾ ಮೇಷ್ಟ್ರೇ?”

“ಹೋದ ಸಲ ವಿಡಿಯೋ ನಂಬಿ ಪ್ಲಾಸ್ಟಿಕ್ ಕಪ್ಪೆಗೆ ಎರಡು ಎಕರೆ ಬರೆದುಕೊಟ್ಟಿದ್ವಿ. ಜನ ಇವತ್ತಿಗೂ ನಗ್ತಾರೆ. ಸೀಸೇಲಿ ಇರ್ಬೇಕು, ಅಷ್ಟೆ. ನಾಲ್ಕರ ಮೇಲೆ ಒಂದು ನಿಮಿಷ ಆದ್ರೂ ನನ್ನ ಕೈಲಿ ಏನೂ ಇಲ್ಲ.”

ಅವಳು ಬೀರುವಿನಿಂದ ಸ್ಪಿರಿಟ್ ತುಂಬಿದ ಪುಟ್ಟ ಸೀಸೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಓಡಿದಳು.

ಅತ್ತೆ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪಿನ ವಾಷರ್ ಬದಲಿಸುತ್ತಿದ್ದರು. ಅರವತ್ತನಾಲ್ಕು ವಯಸ್ಸು. ಪ್ಲಂಬರ್ ಕರೆಯೋಣವೆಂದರೆ ಸಿಟ್ಟಿಗೇಳುತ್ತಿದ್ದರು.

“ಏನಿಷ್ಟು ಬೇಗ? ಕೆಲಸದಿಂದ ಓಡಿಸಿದ್ರಾ?” ಎಂಬ ಮಾತು ಕೆಳಗಿನಿಂದ ಬಂತು.

“ಅತ್ತೆ, ಸ್ವಲ್ಪ ಎದ್ದು ಬನ್ನಿ. ಮಾತಿದೆ.”

“ಹೇಳು, ಕಿವಿ ಇಲ್ಲೂ ಕೇಳತ್ತೆ. ಆ ಸ್ಪ್ಯಾನರ್ ಕೊಡು.”

ಅವಳು ಸ್ಪ್ಯಾನರ್ ಕೊಟ್ಟು ನೆಲದ ಮೇಲೆ ಕೂತಳು. ಮುಖ ಕಾಣದಿರುವುದೇ ಒಳ್ಳೆಯದಾಯಿತು ಎನ್ನಿಸಿತು.

“ನಿಮಗೆ ಸಂಶಯಾಸ್ಪದ ಅಂತ ಕಾಗದ ಬಂದಿತ್ತಲ್ಲ... ಅದನ್ನ ಬರೆದಿದ್ದು ನಾನು.”

ಸ್ಪ್ಯಾನರಿನ ಸದ್ದು ನಿಂತಿತು. ಆಮೇಲೆ ಅತ್ತೆ ನಿಧಾನವಾಗಿ ಹೊರಗೆ ಸರಿದು, ಗೋಡೆಗೆ ಒರಗಿ ಕೂತರು. ಕೆನ್ನೆಯ ಮೇಲೆ ತುಕ್ಕಿನ ಗೀಟು ಎದ್ದಿತ್ತು.

“ಇನ್ನೊಂದ್ಸಲ ಹೇಳು.”

ಅವಳು ಹೇಳಿದಳು. ಹದಿನೇಳು ಎಂದರೆ ನೀವೆಂದು ನನಗೆ ಗೊತ್ತಿರಲಿಲ್ಲ ಎಂದಳು. ಮಾಸಿದ ಏತ್ವ, ಟೈಪಿಸ್ಟ್, ತನ್ನ ನಿಯಮ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಅತ್ತೆ ಕೇಳುತ್ತ ಕೇಳುತ್ತ ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

“ಹನ್ನೊಂದು ವರ್ಷ ಕಣೇ!” ಎಂದರು ಕೊನೆಗೆ. ಧ್ವನಿ ಏರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. “ಮಧ್ಯಾಹ್ನ ಎಲ್ರೂ ಊಟಕ್ಕೆ ಹೋದಾಗ ನಾನು ಬಾವಿಗೆ ಬಲೆ ಬಿಡ್ತಿದ್ದೆ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಆ ಕಾಗದ ಬಂದ ದಿನ ಕೂತು ಯೋಚನೆ ಮಾಡಿದೆ, ನಂಗೇನಾದ್ರೂ ಕಣ್ಣು ಮಂಜಾಗಿದ್ಯಾ, ಇಲ್ಲದ್ದನ್ನ ಎಣಿಸ್ತಿದ್ನಾ ಅಂತ. ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ ಗೊತ್ತಾ? ನಿನ್ನ ಗಂಡಂಗೂ ಹೇಳಿಲ್ಲ.”

“ಅತ್ತೆ...”

“ಒಂದು ಮಾತು ಕೇಳ್ಬಾರದಿತ್ತಾ? ಒಂದು ಫೋನು. ಏನಮ್ಮಾ, ಈ ಜಾಗ ನಿಜಾನಾ ಅಂತ. ನಿಮ್ಮ ಕಂಪ್ಯೂಟರ್‌ಗೆ ಬಾಯಿಲ್ಲ ಸರಿ, ನಿಂಗೂ ಇರ್ಲಿಲ್ವಾ?”

ಕೇಳಬಹುದಿತ್ತು, ಕೇಳಲಿಲ್ಲ. ಇನ್ನೂರ ಹನ್ನೆರಡನ್ನು ಒಂದೇ ಗುಂಡಿ ಒತ್ತಿ ಉದುರಿಸಿ, ಚಹಾ ಕುಡಿಯಲು ಎದ್ದು ಹೋಗಿದ್ದಳು. ಅಳು ಒತ್ತರಿಸಿ ಬಂತು. ಅಳಲು ಹೊತ್ತಿರಲಿಲ್ಲ.

“ಇವತ್ತು ನಾಲ್ಕರ ಒಳಗೆ ಒಂದು ಸಿಕ್ರೆ ಬಾವಿ ಉಳಿಯತ್ತೆ. ಇಲ್ಲಾಂದ್ರೆ ಸೋಮವಾರ ಹೋಗತ್ತೆ. ಬೈಯೋದನ್ನ ಆಮೇಲೆ ಬೈರಿ, ಈಗ ಬನ್ನಿ ಅತ್ತೆ. ಕಾಲಿಗೆ ಬೀಳ್ತೀನಿ.”

ಸ್ಪಿರಿಟ್ ಸೀಸೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ‘ನೋಡಿ ವಾಪಸ್ ಬಿಟ್ಟಿದೆ’ ಎಂದು ಇನ್ನೂರ ಹನ್ನೆರಡು ಸಲ ಬರೆದ ಹೆಂಗಸಿಗೆ ಅದನ್ನು ಹೇಗೆ ಹೇಳುವುದು? ನುಂಗಿಕೊಂಡಳು. ಹೇಳಿದರೆ ಬರಲಿಕ್ಕಿಲ್ಲವೆಂಬ ಹೆದರಿಕೆ.

ಅತ್ತೆ ಎದ್ದರು. ಅವಳ ಕೈ ಹಿಡಿಯಲಿಲ್ಲ, ಗೋಡೆ ಹಿಡಿದು ಎದ್ದರು. “ಏಣಿ ಹಾಕು. ಬಲೆ ಅಟ್ಟದಲ್ಲಿದೆ” ಎಂದರು.

ಅವರು ಹಳೆಯ ಪ್ರಯೋಗಾಲಯ ತಲುಪಿದಾಗ ಎರಡು ಗಂಟೆ ದಾಟಿತ್ತು. ಸುತ್ತ ತಗಡಿನ ಬೇಲಿ ಎದ್ದಿತ್ತು. ಒಳಗಿನಿಂದ ಡೀಸೆಲ್ ಪಂಪಿನ ಗುಡುಗುಡು ಕೇಳಿ ಅತ್ತೆ ಗಕ್ಕನೆ ನಿಂತರು.

“ನೀರು ಎತ್ತತಿದಾರೆ ಕಣೇ!”

ಹಳದಿ ಹೆಲ್ಮೆಟ್ ಹಾಕಿದ ಎಂಜಿನಿಯರ್ ಒಬ್ಬ ಗೇಟಿನ ಬಳಿ ನಿಂತಿದ್ದ. ಸೋಮವಾರದ ಕೆಲಸಕ್ಕೆ ಬಾವಿ ಖಾಲಿ ಮಾಡಿ, ಕಲ್ಲುಮಣ್ಣು ತುಂಬಬೇಕಂತೆ. ಬೆಳಿಗ್ಗೆಯಿಂದ ಪಂಪು ಓಡುತ್ತಿದೆಯಂತೆ. ಒಳಗೆ ಬಿಡಲು ಆಗುವುದಿಲ್ಲವಂತೆ.

ಜರಡಿ ಸಮಿತಿಯ ಗುರುತಿನ ಚೀಟಿ ತೋರಿಸಿದಳು, ಮೇಷ್ಟ್ರಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದಳು. ಅವನು “ಸರ್, ಸರ್, ಆದ್ರೂ ಸರ್” ಎನ್ನುತ್ತ ಸುಮಾರು ಹೊತ್ತು ಕಳೆದ. ಅಷ್ಟರಲ್ಲಿ ಅತ್ತೆ ಅವನ ಪಕ್ಕದಿಂದಲೇ ನುಸುಳಿ ಒಳಗೆ ಹೋಗಿ, ಪಂಪಿನ ಸ್ವಿಚ್ ಆರಿಸಿಬಿಟ್ಟಿದ್ದರು. ಹಿತ್ತಲು ಗಪ್‌ಚಿಪ್ ಆಯಿತು.

“ರೀ ಅಮ್ಮಾ! ಯಾರನ್ನ ಕೇಳಿ ಮುಟ್ಟಿದ್ರಿ?”

“ನೀನು ಹುಟ್ಟೋಕೆ ಮುಂಚೆಯಿಂದ ಮುಟ್ಟತಿದೀನಪ್ಪ. ಒಂದು ಗಂಟೆ ಕೊಡು, ನಿನ್ನ ಪಂಪೇನು ಓಡಿಹೋಗಲ್ಲ.”

ಅವನು ವಾಚು ನೋಡಿದ. “ಮೂರೂವರೆಗೆ ಮಣ್ಣಿನ ಲಾರಿ ಬರತ್ತೆ. ಬಂದ ಮೇಲೆ ನಾನು ತಡೆಯೋಕಾಗಲ್ಲ” ಎಂದ. ಕೆಟ್ಟವನೇನಲ್ಲ, ಮೇಲಿನವರಿಗೆ ಹೆದರುವವನು.

ಬಾವಿ ಕಿರಿದು, ಕಲ್ಲು ಕಟ್ಟಿದ್ದು. ನೀರು ಪಾತಾಳಕ್ಕೆ ಇಳಿದಿತ್ತು. ಅತ್ತೆಯ ಬಲೆ ಅಂದರೆ ಕಬ್ಬಿಣದ ಬಳೆಗೆ ಹೊಲಿದ ತೆಳುಬಟ್ಟೆಯ ಚೀಲ, ಅದರ ತುದಿಗೆ ಒಂದು ಗಾಜಿನ ಬುಡ್ಡಿ. ಹಗ್ಗ ಮೊದಲ ಸಲ ನೀರು ಮುಟ್ಟಲೇ ಇಲ್ಲ. ಪಂಪಿನ ಹಗ್ಗ ಬಿಚ್ಚಿ ಗಂಟು ಹಾಕಬೇಕಾಯಿತು. ಮೊದಲ ಎಳೆತದಲ್ಲಿ ಕೆಸರು. ಎರಡನೆಯದರಲ್ಲಿ ಕೆಸರು. ಮೂರನೆಯದರಲ್ಲಿ ಒಂದು ಬಾಟಲಿ ಮುಚ್ಚಳ. ಅತ್ತೆ ಪ್ರತಿ ಸಲವೂ ಬುಡ್ಡಿಯ ನೀರನ್ನು ಬಿಳಿ ತಟ್ಟೆಗೆ ಸುರಿದು, ಮೂಗು ತಾಗುವಷ್ಟು ಬಗ್ಗಿ ಹುಡುಕುತ್ತಿದ್ದರು. ಅವಳು ಹಗ್ಗ ಎಳೆದಳು, ಅಂಗೈ ಸುಲಿಯಿತು.

“ಬುಡಕ್ಕೆ ಬಡಿಬೇಡ, ಕೆಸರೇಳತ್ತೆ. ಗೋಡೆ ಪಕ್ಕ, ಕಲ್ಲಿನ ಸಂದಿ ಹತ್ರ. ನಿಧಾನ.”

ಏಳನೆಯ ಎಳೆತ, ಎಂಟನೆಯ ಎಳೆತ, ಏನಿಲ್ಲ. ಮೂರು ಗಂಟೆಯಾಯಿತು. ಜರಡಿಗೆ ಕೆಟ್ಟ ಯೋಚನೆಯೊಂದು ಬಂತು. ಪಂಪು ಎಲ್ಲವನ್ನೂ ಎತ್ತಿ ಚರಂಡಿಗೆ ಎಸೆದಿದ್ದರೆ? ನಾಲ್ಕು ವರ್ಷ ಮೊದಲೇ ತಾನೊಂದು ಫೋನ್ ಮಾಡಿದ್ದರೆ ಈ ಬಾವಿಗೆ ಪಂಪೇ ಇಳಿಯುತ್ತಿರಲಿಲ್ಲ. ಅತ್ತೆಯೂ ಅದನ್ನೇ ಯೋಚಿಸುತ್ತಿರಬೇಕು ಎಂದು ಅವರ ಬಿಗಿದ ತುಟಿ ನೋಡಿ ಅನ್ನಿಸಿತು. ಮೂರೂವರೆಗೆ ಸರಿಯಾಗಿ ಗೇಟಿನಾಚೆ ಲಾರಿಯೊಂದು ಹಾರ್ನ್ ಹೊಡೆಯಿತು. ಎಂಜಿನಿಯರ್ ದೂರದಿಂದಲೇ ವಾಚು ತೋರಿಸಿದ.

“ಹತ್ತು ನಿಮಿಷ!” ಎಂದು ಅವಳು ಕೂಗಿದಳು.

“ಐದು!”

ಹದಿಮೂರನೆಯ ಎಳೆತವನ್ನು ತಟ್ಟೆಗೆ ಸುರಿದ ಅತ್ತೆ ತಲೆ ಎತ್ತಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ ಅವಳ ಸೀರೆಯ ಸೆರಗು ಹಿಡಿದು ಎಳೆದರು. ಅವಳು ಬಗ್ಗಿದಳು. ತಟ್ಟೆಯ ಅಂಚಿನಲ್ಲಿ, ಅಕ್ಕಿನುಚ್ಚಿನಷ್ಟು ಉದ್ದದ, ಗಾಜಿನಂತೆ ಬಿಳಿಯಾದ ಜೀವವೊಂದು ಕಾಲಾಡಿಸುತ್ತ ಪಕ್ಕಕ್ಕೆ ವಾಲಿ ಈಜುತ್ತಿತ್ತು. ಕಣ್ಣಿರಬೇಕಾದ ಕಡೆ ಏನೂ ಇರಲಿಲ್ಲ.

“ನೋಡ್ದಾ? ಇದೇ, ಇದೇ ಕಣೇ! ನನ್ನ ಕಣ್ಣು ಸರಿಯಾಗೇ ಇತ್ತು!” ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಜರಡಿ ಫೋನಿನಲ್ಲಿ ಮೇಷ್ಟ್ರಿಗೆ ವಿಡಿಯೋ ಕರೆ ಹಚ್ಚಿ ತಟ್ಟೆಯ ಮೇಲೆ ಹಿಡಿದಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, “ಅಬ್ಬಾ!” ಎಂದರು. ಆಮೇಲೆ, “ಸೀಸೆಗೆ ಹಾಕು ಬೇಗ. ಮೂರೂ ಮೂವತ್ತೆಂಟು” ಎಂದರು.

“ಯಾವ ಸೀಸೆ?” ಎಂದರು ಅತ್ತೆ.

ಅವಳು ಚೀಲದಿಂದ ಸೀಸೆ ತೆಗೆದಳು. ಮುಚ್ಚಳ ತೆರೆದದ್ದೇ ತಡ, ಸ್ಪಿರಿಟ್ಟಿನ ವಾಸನೆ ಹರಡಿತು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿದ್ದವರಿಗೆ ವಾಸನೆ ಸಾಕಿತ್ತು.

“ಇದನ್ನೂ ಮುಚ್ಚಿಟ್ಟಿದ್ದೆಯಾ?”

“ಹೇಳಿದ್ರೆ ನೀವು ಬರ್ತಿರ್ಲಿಲ್ಲ ಅಂತ... ತಪ್ಪಾಯ್ತು ಅತ್ತೆ. ಸೀಸೇಲಿ ಇರದೆ ಒಪ್ಪಲ್ಲ ಅವರು.”

ಅತ್ತೆ ತಟ್ಟೆಯನ್ನು ಎದೆಗೆ ಹತ್ತಿರ ಎಳೆದುಕೊಂಡರು. ಗೇಟು ಕಿರ್ರೆಂದು ತೆರೆಯುವ ಸದ್ದಾಯಿತು, ಲಾರಿ ಹಿಮ್ಮುಖವಾಗಿ ಒಳಗೆ ಬರತೊಡಗಿತು.

“ಇನ್ನೊಂದ್ಸಲ ಬಲೆ ಬಿಡು. ಬೇರೆ ಸಿಗತ್ತೇನೋ ನೋಡು.”

“ಯಾಕತ್ತೆ?”

“ಇದರ ಹೊಟ್ಟೆ ಕೆಳಗೆ ನೋಡು.”

ಅವಳು ನೋಡಿದಳು. ಕಾಲುಗಳ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಮಣಿಗಳ ಗೊಂಚಲಿತ್ತು. ಮೊಟ್ಟೆ ಹೊತ್ತ ಹೆಣ್ಣು.

ಅವಳು ಓಡಿಹೋಗಿ ಬಲೆ ಬಿಟ್ಟಳು. ಸುಲಿದ ಅಂಗೈಯ ಉರಿಯನ್ನು ಲೆಕ್ಕಿಸದೆ ಎಳೆದಳು. ಕೆಸರು. ಮತ್ತೆ ಬಿಟ್ಟಳು. ಕೆಸರು, ಎರಡು ಒಣಗಿದ ಎಲೆ. ಮೂರೂ ನಲವತ್ತಾರು. ಮೂರನೆಯ ಸಲ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ಹರಿದ ಬಲೆ ಹಿಡಿದುಕೊಂಡು ಅವಳು ಅತ್ತೆಯ ಮುಂದೆ ಬಂದು ನಿಂತಳು. ಬಾವಿ ಬೇಡ, ಇದನ್ನು ಬಿಟ್ಟುಬಿಡಿ ಎಂದು ಹೇಳಿಬಿಡಬೇಕೆನ್ನಿಸಿತು ಒಂದು ಕ್ಷಣ. ಎಲ್ಲಿ ಬಿಡುವುದು? ಲಾರಿಯ ಹಿಂಬದಿ ಬಾವಿಯ ಕಟ್ಟೆಗೆ ಹತ್ತಿರವಾಗುತ್ತಿತ್ತು.

“ಕೊಡಿ ಅತ್ತೆ, ನಾನು ಹಾಕ್ತೀನಿ. ಪಾಪ ನಂಗೇ ಇರ್ಲಿ.”

“ನೀನು ಮುಟ್ಟಬೇಡ.” ಅತ್ತೆ ಚಮಚದಂಥ ಪುಟ್ಟ ಸೌಟನ್ನು ತೆಗೆದುಕೊಂಡರು. ತಟ್ಟೆಯ ಮೇಲೆ ಬಗ್ಗಿ, ಏನೋ ಪಿಸುಗುಟ್ಟಿದರು, ಅವಳಿಗೆ ಕೇಳಿಸಲಿಲ್ಲ. ಆಮೇಲೆ ನೀರಿನ ಸಮೇತ ಆ ಜೀವವನ್ನು ಎತ್ತಿ ಸೀಸೆಯೊಳಕ್ಕೆ ಜಾರಿಸಿದರು. ಅದು ಎರಡು ಸಲ ಕಾಲು ಝಾಡಿಸಿ, ಮಡಚಿಕೊಂಡು, ತಳಕ್ಕೆ ಇಳಿಯಿತು. ಇಷ್ಟೇ ಹೊತ್ತು.

“ಕಂಡಿತು. ದಾಖಲೆ ಕಳಿಸಮ್ಮಾ” ಎಂದರು ಮೇಷ್ಟ್ರು, ಮೆತ್ತಗೆ.

ಅವಳು ಬಾವಿಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಅರ್ಜಿ ತುಂಬತೊಡಗಿದಳು. ತಾರೀಖು. ಜಾಗ. ನೋಡಿದವರು, ಅಲ್ಲಿ ಸಂಖ್ಯೆ ಹಾಕಲಿಲ್ಲ, ಅತ್ತೆಯ ಪೂರ್ತಿ ಹೆಸರು ಬರೆದಳು. ಎಂಜಿನಿಯರ್ ಲಾರಿಯವನಿಗೆ ನಿಲ್ಲು ಎಂದು ಕೈ ಅಡ್ಡ ಹಿಡಿದು, ಇವರ ಕಡೆಯೇ ನೋಡುತ್ತಿದ್ದ. ಮೂರೂ ಐವತ್ಮೂರು. ಕೊನೆಯ ಅಂಕಣ ಎಣಿಕೆಯದು. ಅವಳು ‘1’ ಒತ್ತಿದಳು.

ಸೀಸೆಯನ್ನು ಬೆಳಕಿಗೆ ಹಿಡಿದಿದ್ದ ಅತ್ತೆ ಫೋನಿನೊಳಗೆ ಇಣುಕಿದರು.

“ಎಂಟು ಅಂತ ಬರಿ.”

“ಅತ್ತೆ?”

“ತಾಯಿ ಒಂದು, ಮೊಟ್ಟೆ ಏಳು. ಎಣಿಸಿದೀನಿ.”

“ಮೊಟ್ಟೆ ಎಣಿಕೆಗೆ ಬರಲ್ಲ ಅತ್ತೆ. ನಿಯಮ ಇದೆ.”

“ಯಾರು ಮಾಡಿದ್ದು ಆ ನಿಯಮ?”

ಅವಳು ತಲೆ ಎತ್ತಲಿಲ್ಲ. “ನಾನೇ.”

ಅತ್ತೆ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದರು. ಜರಡಿ ‘1’ ಅಳಿಸಿ ‘8’ ಎಂದು ಬರೆದು ಕಳಿಸಿದಳು.